ಭಾವನ ಹಿಂದೆ ಬಂದ ಹಸಿರು ಕಾರು

“ಮುಚ್ಚೋ ಬಾಯಿ! ನಿಂಗೆಲ್ಲಾ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಮುಖ ನೋಡು, ಹಾಲು ಕದ್ದ ಬೆಕ್ಕಿನ ಮುಖ!”

“ನಂಗೇನು ಗೊತ್ತಿತ್ತಕ್ಕ? ಮೊದಲು ಒಳಗೆ ಬಾ. ಬಾಗಿಲಲ್ಲಿ ನಿಂತು ಕೂಗಬೇಡ, ಗಿರಾಕಿಗಳಿದ್ದಾರೆ.”

“ಎಲ್ಲಿದ್ದಾರೋ ಗಿರಾಕಿಗಳು? ಈ ಎಜಿದಿಯೊನಾ? ಬೆಳಿಗ್ಗೆ ಎಂಟಕ್ಕೆ ತಗೊಂಡ ಕಾಫಿ ಇನ್ನೂ ಮುಗಿಸಿಲ್ಲ. ಇವನು ಗಿರಾಕಿ ಅಲ್ಲ ಕಣೋ, ನಿನ್ನ ಅಂಗಡಿ ಕುರ್ಚಿ!”

ಎಜಿದಿಯೊ ನಮ್ಮೂರಿನ ಪುರಸಭೆಗೆ ಇರುವ ಒಬ್ಬನೇ ಒಬ್ಬ ಪೊಲೀಸು. ಸಮವಸ್ತ್ರದಲ್ಲಿರುವವನನ್ನು ಕುರ್ಚಿ ಎನ್ನುವುದು ಅಪರಾಧವೋ ಅಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಟೊಪ್ಪಿಗೆ ತೆಗೆದರೆ ಅವನಿಗೆ ಏನೂ ಕೇಳಿಸಿಲ್ಲ ಎಂದು ಅರ್ಥ.

ಕೂಗುತ್ತಿದ್ದವಳು ನನ್ನ ಅಕ್ಕ ಲಿಬೆರಾ. ಅಕ್ಟೋಬರ್ ತಿಂಗಳು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅವಳ ಎರಡು ಕೈಯಲ್ಲೂ ಮೊಣಕೈವರೆಗೆ ಹಿಟ್ಟು. ನನ್ನ ಹೆಸರು ಪಾರ್ದೊ. ರಿಪಾಬೆಲ್ಲಾ ಎನ್ನುವ ಊರಿನ ಚೌಕದಲ್ಲಿ ನನ್ನ ಕಾಫಿ ಅಂಗಡಿ. ಬೆಳಿಗ್ಗೆ ಕಾಫಿ, ಹನ್ನೊಂದರ ಮೇಲೆ ವೈನು. ನಮ್ಮದು ಇನ್ನೂರ ಹತ್ತು ಜನರ ಊರು. ಇಲ್ಲಿಗೆ ಹೊರಗಿನವರು ಯಾರೂ ದಾರಿ ತಪ್ಪದೆ ಬಂದದ್ದಿಲ್ಲ.

ಜಗಳಕ್ಕೆ ಕಾರಣ ಅಕ್ಕನ ಗಂಡ ನಿಕಾಂದ್ರೊ. ಭಾವ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ನಮ್ಮೂರಿನಿಂದ ಮೇಲಿನ ಗುಡ್ಡಗಳ ಕಡೆಗೆ ಹೋಗುವ ದಾರಿ. ಆ ಜಗಳಕ್ಕೆ ಮೂರು ವರ್ಷ ಮುಂಚೆ ನಿವೃತ್ತನಾದ. ಅದೇ ತಿಂಗಳು ಆ ಬಸ್ಸನ್ನೂ ನಿಲ್ಲಿಸಿಬಿಟ್ಟರು. ಭಾವನಿಗೆ ಬೆನ್ನುನೋವು ಶುರುವಾದದ್ದು ಆಮೇಲೆ. ಪ್ರತಿ ಗುರುವಾರ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಾರೆ ಎಂದು ಹೇಳಿ ಕಾರು ತೆಗೆದುಕೊಂಡು ಹೋಗುತ್ತಿದ್ದ. ಅಕ್ಕ ಎರಡು ಬೇಯಿಸಿದ ಮೊಟ್ಟೆ, ಒಂದು ಒಗೆದ ಟವೆಲು ಕಟ್ಟಿಕೊಡುತ್ತಿದ್ದಳು. ಮೂರು ವರ್ಷ ತಪ್ಪದೆ ನಡೆದ ಚಿಕಿತ್ಸೆ ಅದು.

“ಆಸ್ಪತ್ರೆ ಎಲ್ಲಿದೆ?” ಎಂದು ಅಕ್ಕ ಕೇಳಿದಳು.

“ಕೆಳಗೆ.”

“ಕೊಲ್ಲೆಸೊರ್ದೊ ಎಲ್ಲಿದೆ?”

“ಮೇಲೆ.”

“ಮತ್ತೆ ನಿನ್ನ ಭಾವನ ಬೆನ್ನು ಕೊಲ್ಲೆಸೊರ್ದೊದಲ್ಲಿ ಏನು ಮಾಡ್ತಿದೆಯೋ? ಈಗ ತಾನೇ ಅಂಚೆ ಕಚೇರಿ ಓರ್ಸೊಲಾಗೆ ಫೋನ್ ಬಂತು. ನಿನ್ನ ಭಾವ ಕಾರಲ್ಲಿ ಹೋದನಂತೆ. ಹಿಂದೆ ಒಂದು ಹಸಿರು ಕಾರಂತೆ. ಪರದೇಶದ ಕಾರಂತೆ. ಅಂಟಿಕೊಂಡ ಹಾಗೆ ಹಿಂದೇನೇ ಹೋಯ್ತಂತೆ!”

ನಾನು ಕೈಯಲ್ಲಿದ್ದ ಬಟ್ಟೆಯನ್ನು ಬಚ್ಚಲಿಗೆ ಎಸೆದೆ. ನನಗೆ ಕೋಪ ಬಂದರೆ ಕೈಗೆ ಸಿಕ್ಕಿದ್ದು ಎಸೆಯುತ್ತೇನೆ. ಅದಕ್ಕೆ ಅಂಗಡಿಯಲ್ಲಿ ಕೈಗೆ ಸಿಗುವ ಹಾಗೆ ಬಟ್ಟೆಯನ್ನೇ ಇಟ್ಟುಕೊಂಡಿರುತ್ತೇನೆ.

“ನಂಗೆ ನಿಜವಾಗ್ಲೂ ಗೊತ್ತಿಲ್ಲ ಅಕ್ಕ. ಅಮ್ಮನಾಣೆ.”

“ಅಮ್ಮನ್ನ ಯಾಕೆ ಎಳೀತೀಯ? ಕೇಳು. ಇದರಲ್ಲಿ ಹೆಂಗಸು ಅಂತ ಯಾರಾದ್ರೂ ಇದ್ದರೆ ನಾನು ಆ ಮನೇಲಿ ಒಂದು ರಾತ್ರಿ ಇರಲ್ಲ. ಇವತ್ತೇ ಗಂಟುಮೂಟೆ ಕಟ್ಟಿ ನಿನ್ನ ಮಹಡಿಗೆ ಬರ್ತೀನಿ. ಸಾಯೋವರೆಗೆ ನಿನ್ನ ಜೊತೇಲೇ ಇರ್ತೀನಿ.”

ಅಂಗಡಿ ಒಳಗೆ ಬಿಸಿಲಿತ್ತು. ಆದರೂ ನನಗೆ ಚಳಿ ಹತ್ತಿತು.

ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ. ನನಗಾಗ ಐವತ್ತೆರಡು. ಮದುವೆಯಾಗಿಲ್ಲ. ಅವಳು ಚೌಕದಲ್ಲಿ ಕಂಡರೆ ಆಗಲೂ ಸಿಗರೇಟನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದೆ. ಹೋದ ಸಲ ಅವಳ ಮನೆ ಹೆಂಚು ರಿಪೇರಿಗೆ ಬಂದಾಗ ಒಂಬತ್ತು ದಿನ ನನ್ನ ಮಹಡಿಯಲ್ಲಿದ್ದಳು. ಉಪ್ಪು ಸಕ್ಕರೆ ಇದ್ದಲ್ಲಿಗೆ ಹೋಯಿತು, ಸಕ್ಕರೆ ಎಲ್ಲಿಗೆ ಹೋಯಿತೋ ಇನ್ನೂ ಸಿಕ್ಕಿಲ್ಲ. ಆ ಒಂಬತ್ತು ದಿನ ನಾನು ಸೌದೆ ಕೊಟ್ಟಿಗೆಯಲ್ಲಿ ನಿಂತು ಊಟ ಮಾಡಿದೆ. ಆದ್ದರಿಂದ ಅಕ್ಕನ ಸಂಸಾರ ಉಳಿಯಬೇಕಿತ್ತು. ಯಾಕೆಂದರೆ ನನ್ನ ಅಡಿಗೆಮನೆ ಉಳಿಯಬೇಕಿತ್ತು.

ಅಷ್ಟರಲ್ಲಿ ಓರ್ಸೊಲಾ ಅಂಚೆ ಕಚೇರಿಗೆ ಬೀಗ ಹಾಕಿ ಬಂದಳು. ಸುತ್ತಲ ಏಳು ಊರಿನ ಎಲ್ಲ ಮುದುಕರ ನಂಬರೂ ಅವಳ ಫೋನಿನಲ್ಲಿವೆ. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ನಡುವೆ ಇಟ್ಟಳು, ಪಾದ್ರಿ ದೀಪ ಇಟ್ಟ ಹಾಗೆ. ಎಜಿದಿಯೊ ಟೊಪ್ಪಿಗೆ ಹಾಕಿಕೊಂಡ. ಈಗ ವಿಚಾರಣೆ ಶುರು.

ಮೊದಲ ಫೋನ್ ಫೊಸ್ಸಾಲ್ಬಾದಿಂದ. ಆ ಊರಿನಲ್ಲಿ ಉಳಿದಿರುವುದು ಮೂರು ಜನ. ಅವರಲ್ಲಿ ಕಿವಿ ಸರಿಯಾಗಿ ಕೇಳುವ ಮುದುಕಿಯೊಬ್ಬಳು ಮಾತಾಡಿದಳು. ಅವಳ ದನಿ ದೂರದಿಂದ ಬರುತ್ತಿತ್ತು, ಬಾವಿಯೊಳಗಿಂದ ಬಂದ ಹಾಗೆ.

“ಬಂದಿದ್ದಾರಮ್ಮ. ಇಲ್ಲೇ ಬಾವಿಕಟ್ಟೆ ಹತ್ತಿರ ನಿಂತಿದ್ದಾರೆ. ಮುಂದೆ ನಿಕಾಂದ್ರೊ, ಹಿಂದೆ ಹಸಿರು ಕಾರು.”

“ಏನು ಮಾಡ್ತಿದ್ದಾರೆ?” ಎಂದು ಅಕ್ಕ ಕಿರುಚಿದಳು.

“ಏನೂ ಇಲ್ಲ. ಎಂಜಿನ್ ಆಫ್ ಮಾಡಿದ್ದಾರೆ. ಕೂತಿದ್ದಾರೆ. ಕಣಿವೆ ತುಂಬಾ ಮಂಜು ಬಂದಿದೆ ಇವತ್ತು. ಕೆಳಗಿನ ಊರಿನ ಗಂಟೆಗೋಪುರದ ತುದಿ ಮಾತ್ರ ಕಾಣ್ತಿದೆ, ಹಾಲಿನ ಪಾತ್ರೇಲಿ ಚಮಚ ನಿಂತ ಹಾಗೆ. ಅದನ್ನೇ ನೋಡ್ತಿದ್ದಾರೆ.”

“ಮಂಜು ಬಿಡಿ ಅಜ್ಜಿ! ನಿಕಾಂದ್ರೊ ಏನು ಮಾಡಿದ?”

“ತಾಳಮ್ಮ. ಈಗ ಬಲಗಡೆ ಬಾಗಿಲು ತೆಗೆದ. ಒಳಗಿಂದಾನೇ ಕೈ ಚಾಚಿ ತೆಗೆದ.”

“ಯಾರು ಹತ್ತಿದರು?”

“ಯಾರೂ ಹತ್ತಲಿಲ್ಲ, ಏನೂ ಇಳಿಸಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಹಾಕಿದ. ಈಗ ಹೊರಟರು. ಹಿಂದಿನ ಕಾರಿನವರು ನಂಗೆ ಕೈ ಬೀಸಿದರು. ಹನ್ನೊಂದು ವರ್ಷ ಆಗಿತ್ತು ಯಾರಾದ್ರೂ ನಂಗೆ ಕೈ ಬೀಸಿ.”

ಫೋನ್ ಕಟ್ಟಾಯಿತು. ನನ್ನ ತಲೆಯೊಳಗೂ ಸ್ವಲ್ಪ ಮಂಜು ಬಂದಿತ್ತು.

“ಬಾಗಿಲು ತೆಗೆಯೋದು, ಹಾಕೋದು ಸಂಕೇತ. ಏನೋ ಇಳಿಸಿದ್ದಾನೆ,” ಎಂದ ಎಜಿದಿಯೊ.

“ಏನೂ ಇಳಿಸಲಿಲ್ಲ ಅಂದಳಲ್ಲಯ್ಯಾ ಅಜ್ಜಿ!” ಎಂದೆ ನಾನು.

“ಅದೇ ಅನುಮಾನಕ್ಕೆ ಕಾರಣ. ನಿಜವಾಗ್ಲೂ ಏನೂ ಇಲ್ಲದವನು ಏನಾದ್ರೂ ಇಳಿಸ್ತಾನೆ, ಅನುಮಾನ ಬರದ ಹಾಗೆ. ಏನೂ ಇಳಿಸದವನು ದೊಡ್ಡ ಕಳ್ಳ. ಹಿಂದಿನವರು ತೆರಿಗೆ ಇಲಾಖೆಯೋರು.”

“ತೆರಿಗೆಯೋರು ಮುದುಕೀಗೆ ಕೈ ಬೀಸ್ತಾರಾ?” ಎಂದಳು ಓರ್ಸೊಲಾ.

ಎಜಿದಿಯೊ ತನ್ನ ಪುಸ್ತಕದಲ್ಲಿ ತೆರಿಗೆ ಎಂದು ಬರೆದದ್ದನ್ನು ಹೊಡೆದು ಹಾಕಿದ.

ಎರಡನೆಯ ಫೋನ್ ಹನ್ನೆರಡೂಕಾಲಕ್ಕೆ, ತೊರ್ರೆಮೂತಾದಿಂದ. ಅಲ್ಲೊಬ್ಬ ಕುರಿ ಕಾಯುವವನಿದ್ದಾನೆ. ಅವನು ವರ್ಷಕ್ಕೆ ಎರಡು ಸಲ ಮಾತಾಡುತ್ತಾನೆ. ಒಂದು ಸಲ ಇವತ್ತು.

“ಸೇತುವೆ ಮೇಲೆ ನಿಂತಿದ್ದರು. ಕುರಿ ದಾಟಲಿ ಅಂತ ನಿಂತಿದ್ದಾರೆ ಅಂದ್ಕೊಂಡೆ. ಕುರಿ ದಾಟಿತು. ಆಮೇಲೂ ನಿಂತಿದ್ದರು. ಎಂಟು ನಿಮಿಷ. ನಿಕಾಂದ್ರೊ ಬಾಗಿಲು ತೆಗೆದ, ಹಾಕಿದ. ಹಿಂದಿನ ಕಾರಿನೋರೂ ಬಾಗಿಲು ತೆಗೆದರು, ಹಾಕಿದರು.”

“ನೋಡಿದ್ರಾ! ಮರುಸಂಕೇತ!” ಎಂದು ಎಜಿದಿಯೊ ಮೇಜು ಗುದ್ದಿದ.

“ಹಿಂದಿನ ಕಾರಿನ ಹೆಂಗಸು ಅಳ್ತಿದ್ದಳು,” ಎಂದ ಕುರಿಯವನು.

ಅಕ್ಕ ಎದ್ದು ನಿಂತಳು. “ಯಾವ ಹೆಂಗಸು?”

“ಎತ್ತರದವಳು. ಬಿಳೀ ಕೂದಲು. ಕಣ್ಣು ಒರೆಸಿಕೊಳ್ತಿದ್ದಳು. ನಗ್ತಾನೂ ಇದ್ದಳು. ಪಕ್ಕದಲ್ಲಿ ಒಬ್ಬ ಗಂಡಸು.”

“ಗಂಡಸಿದ್ದಾನಲ್ಲಕ್ಕ, ಅವಳ ಗಂಡ ಇರಬೇಕು,” ಎಂದೆ ನಾನು ಬೇಗಬೇಗ.

“ವಕೀಲ,” ಎಂದ ಎಜಿದಿಯೊ.

ಅವನ ಕತ್ತು ಹಿಸುಕಬೇಕು ಎನ್ನಿಸಿತು. ಆದರೆ ಅವನು ಬರೆಯುತ್ತಲೇ ಇದ್ದ. “ಲಿಬೆರಕ್ಕ, ನಿಕಾಂದ್ರೊ ಮದುವೆಗೆ ಮುಂಚೆ ಪರದೇಶಕ್ಕೆ ದುಡಿಯೋಕೆ ಹೋಗಿದ್ದ ಅಲ್ವಾ?”

“ಹನ್ನೊಂದು ತಿಂಗಳು. ಇಟ್ಟಿಗೆ ಗೂಡಿನಲ್ಲಿ.”

“ಯಾವ ದೇಶ?”

“ಉತ್ತರದಲ್ಲೆಲ್ಲೋ. ಚಳಿ ಅಂತಿದ್ದ.”

“ಕಾರಿನ ನಂಬರು ಪ್ಲೇಟು ಯಾವ ಬಣ್ಣ?” ಎಂದು ಎಜಿದಿಯೊ ಫೋನಿಗೆ ಕೇಳಿದ.

“ಹಳದಿ,” ಎಂದ ಕುರಿಯವನು. ಆಮೇಲೆ ಈ ವರ್ಷದ ಮಾತು ಮುಗಿಯಿತೆಂದು ಫೋನ್ ಇಟ್ಟ.

“ಹಳದಿ ಪ್ಲೇಟು ಅಂದರೆ ಹಾಲೆಂಡು!” ಎಂದ ಎಜಿದಿಯೊ. “ಹಾಲೆಂಡು ಎಲ್ಲಿದೆ? ಉತ್ತರದಲ್ಲಿ. ಅಲ್ಲಿ ಏನಿದೆ? ಚಳಿ. ಹೆಂಗಸಿನ ವಯಸ್ಸೆಷ್ಟು? ಬಿಳೀ ಕೂದಲು. ನಿಕಾಂದ್ರೊ ವಯಸ್ಸೂ ಅಷ್ಟೇ. ನಾನು ಏನೂ ಹೇಳಲ್ಲ. ಕಾನೂನು ಪ್ರಕಾರ ನಾನು ಏನೂ ಹೇಳೋ ಹಾಗಿಲ್ಲ.”

ಹೇಳದೆ ಹೇಳಿಬಿಟ್ಟ ಮುಂಡೇಗಂಡ. ಅಕ್ಕ ಕೈಯ ಹಿಟ್ಟನ್ನು ನನ್ನ ಒರೆಸುವ ಬಟ್ಟೆಗೆ ಒರೆಸಿ ಹೊರಗೆ ಹೋದಳು. ಹತ್ತು ನಿಮಿಷಕ್ಕೆ ವಾಪಸು ಬಂದಳು, ತಲೆಯ ಮೇಲೆ ಹಾಸಿಗೆ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಗಂಟೆಗೆ ಅವಳ ತಾಮ್ರದ ಕೊಳಗ ಬಂತು. ಒಂದೂವರೆಗೆ ಹೊಲಿಗೆ ಯಂತ್ರ ಬಂತು, ಅದನ್ನು ಹೊತ್ತವರು ನಾನು ಮತ್ತು ಎಜಿದಿಯೊ. ಮೆಟ್ಟಿಲ ಮೇಲೆ ಅವನು ಟೊಪ್ಪಿಗೆ ತೆಗೆಯುವುದೋ ಬೇಡವೋ ಎಂದು ಯೋಚಿಸುತ್ತಾ ನಿಂತ, ನನ್ನ ಬೆರಳು ಯಂತ್ರಕ್ಕೂ ಗೋಡೆಗೂ ನಡುವೆ ಇತ್ತು. ಎರಡು ಗಂಟೆಗೆ ಅವಳ ಏಳು ಸಂತರ ಪಟಗಳು ಬಂದವು. ನನ್ನ ಫುಟ್‌ಬಾಲ್ ತಂಡದ ಕ್ಯಾಲೆಂಡರು ಕಿಟಕಿಯಿಂದ ಚೌಕಕ್ಕೆ ಬಿತ್ತು. ಎರಡೂವರೆಗೆ ಅಡಿಗೆಮನೆಯಿಂದ ಪಾತ್ರೆಗಳ ಸದ್ದು ಕೇಳಿತು. ಉಪ್ಪು ಮತ್ತೆ ಪ್ರಯಾಣ ಹೊರಟಿತ್ತು.

“ಅಕ್ಕ, ಅವನು ಬಂದು ಹೇಳೋದು ಒಂದು ಸಲ ಕೇಳೋಣ!” ಎಂದು ಮೆಟ್ಟಿಲ ಕೆಳಗಿಂದ ಕೂಗಿದೆ.

“ಕೇಳ್ತೀನಿ! ಕೇಳಿ ಆಮೇಲೆ ಬಿಡ್ತೀನಿ. ಕೇಳದೆ ಬಿಡೋಕೆ ನಾನೇನು ಅನ್ಯಾಯದವಳಾ? ಲೋ ಪಾರ್ದೊ, ಈ ಬಾಣಲೇಲಿ ಯಾವ ಕಾಲದಲ್ಲಿ ಮೊಟ್ಟೆ ಹುರಿದಿದ್ದೆ?”

ಮಧ್ಯೆ ಮಧ್ಯೆ ಫೋನ್ ಬರುತ್ತಲೇ ಇತ್ತು. ಎರಡು ಕಾರುಗಳೂ ನೀರಲ್ಲಿ ಮುಳುಗಿದ ಹಳೇ ಗಿರಣಿಯ ಹತ್ತಿರ ನಿಂತಿದ್ದವು. ಎರಡೂ ಹಾಳು ಚರ್ಚಿನ ಮುಂದೆ ನಿಂತಿದ್ದವು, ಅಲ್ಲಿನ ದಾಳಿಂಬೆ ಹಣ್ಣು ಒಡೆದು ಬಿದ್ದು ಕಲ್ಲೆಲ್ಲ ಕೆಂಪಾಗಿದೆಯಂತೆ, ಹಸಿರು ಕಾರಿನ ಗಂಡಸು ಇಳಿದು ಒಂದು ಕಾಳು ತಿಂದನಂತೆ. ಎಲ್ಲ ಕಡೆಯೂ ಭಾವ ಬಾಗಿಲು ತೆಗೆದ, ಕಾದ, ಹಾಕಿದ. ಫೋನ್ ಮಾಡಿದವರೆಲ್ಲರೂ ವಿಷಯ ಹೇಳಲು ಶುರುಮಾಡಿ ಮಂಜಿನ ಬಗ್ಗೆಯೋ ಬಿಸಿಲಿನ ಬಗ್ಗೆಯೋ ಹೇಳಿ ಮುಗಿಸುತ್ತಿದ್ದರು. ವರದಿ ಕೊಡಿ ಎಂದರೆ ಹಾಡು ಹೇಳಿದ ಹಾಗೆ. ನನಗೆ ರೇಗಿಹೋಯಿತು. ಆದರೂ ಫೋನ್ ಬಂದಾಗೆಲ್ಲ ಕೈಯ ಕೆಲಸ ಬಿಟ್ಟು ಕೇಳಿದೆ. ಮೇಲೆ ಪಾತ್ರೆಗಳ ಸದ್ದೂ ಆ ಹೊತ್ತಿಗೆ ನಿಲ್ಲುತ್ತಿತ್ತು.

ನಾಲ್ಕೂ ಮುಕ್ಕಾಲಿಗೆ ಸರಿಯಾಗಿ ಭಾವನ ಕಾರು ಚೌಕಕ್ಕೆ ಬಂತು. ಹಿಂದೆ ಹಸಿರು ಕಾರು. ಭಾವ ಬಲಗಡೆ ಬಾಗಿಲು ತೆಗೆದ, ಹಾಕಿದ, ಇಳಿದ. ಚೌಕದ ತುಂಬ ಜನ. ಊರಿನ ಅರ್ಧ ಭಾಗ ನನ್ನ ಅಂಗಡಿ ಮುಂದೆ ನಿಂತಿದ್ದನ್ನು ನೋಡಿ ಅವನು ಯಾರೋ ಸತ್ತಿರಬೇಕೆಂದು ಟೊಪ್ಪಿಗೆ ತೆಗೆದ.

“ಯಾರು ಹೋದರು?” ಎಂದು ಮೆಲ್ಲಗೆ ಕೇಳಿದ.

“ನೀನೇ ಹೋಗಿದ್ದೀಯ!” ಎಂದು ಅಕ್ಕ ಮಹಡಿ ಕಿಟಕಿಯಿಂದ ಕೂಗಿದಳು. “ಒಳಗೆ ಬಾರಯ್ಯಾ! ನಿನ್ನ ಇಟ್ಟಿಗೆ ಗೂಡಿನ ರಾಣೀನೂ ಕರ್ಕೊಂಡು ಬಾ! ಅವಳ ವಕೀಲನ್ನೂ ಕರ್ಕೊಂಡು ಬಾ!”

ಭಾವನಿಗೆ ಒಂದೂ ಅರ್ಥವಾಗಲಿಲ್ಲ. ಅವನಿಗೆ ಸಾಮಾನ್ಯವಾಗಿ ಮೊದಲ ಸಲಕ್ಕೆ ಏನೂ ಅರ್ಥವಾಗುವುದಿಲ್ಲ. ಹಸಿರು ಕಾರಿನಿಂದ ಇಬ್ಬರು ಇಳಿದರು, ಅರವತ್ತು ದಾಟಿದ ಗಂಡ ಹೆಂಡತಿ. ಕೈ ಕೈ ಹಿಡಿದುಕೊಂಡು ಒಳಗೆ ಬಂದು ಎಲ್ಲರಿಗೂ ತಲೆಬಾಗಿದರು. ಹೆಂಗಸಿನ ಹೆಸರು ಫೆಮ್ಕೆ, ಗಂಡಸಿನದು ವೀಬೆ. ಅವರಿಗೆ ನಮ್ಮ ಭಾಷೆ ಬಾರದು. ವೀಬೆ ತನ್ನ ಫೋನಿಗೆ ಏನೋ ಪಿಸುಗುಟ್ಟಿದ. ಫೋನು ಅದನ್ನು ನಮ್ಮ ಭಾಷೆಗೆ ತಿರುಗಿಸಿ ಬಿಷಪ್ಪರ ಗಂಟಲಿನಲ್ಲಿ ನುಡಿಯಿತು:

“ಮಾನ್ಯರೇ, ತಮ್ಮ ಈ ಮಹನೀಯರು ನಮಗೆ ಜನಸಂಚಾರರಹಿತವಾದ ಕಿರುಪಟ್ಟಣಗಳನ್ನು ದರ್ಶನ ಮಾಡಿಸಿ ನಮ್ಮ ಜೀವಮಾನದ ಅಭಿಲಾಷೆಯನ್ನು ಈಡೇರಿಸಿರುತ್ತಾರೆ.”

ಎಜಿದಿಯೊ ಎದ್ದು ನಿಂತು ಫೋನಿಗೆ ಸಲಾಮು ಹೊಡೆದ.

“ನೀನು ಮಾತಾಡು,” ಎಂದಳು ಅಕ್ಕ, ಗಂಡನಿಗೆ. ಅವಳು ಮೆಟ್ಟಿಲಿಳಿದು ಬಂದು ಸೌಟು ಹಿಡಿದು ನಿಂತಿದ್ದಳು. ನನ್ನ ಸೌಟು.

ಭಾವ ಹೇಳಿದ್ದು ಇಷ್ಟು. ಬೆಳಿಗ್ಗೆ ಊರ ಕೆಳಗಿನ ನಲ್ಲಿ ಹತ್ತಿರ ಈ ಇಬ್ಬರು ನಿಂತಿದ್ದರು. ಯಾರೂ ಹೋಗದ ಸಣ್ಣ ಊರಿಗೆ ದಾರಿ ಯಾವುದು ಎಂದು ಅವರ ಫೋನು ಕೇಳಿತು. ಇವನು ನನ್ನ ಹಿಂದೆ ಬನ್ನಿ ಎಂದ.

ನಮ್ಮ ಕಡೆ ದಾರಿ ಕೇಳಿದವರಿಗೆ ದಾರಿ ಹೇಳುವ ಪದ್ಧತಿ ಇಲ್ಲ. ಹೇಳಲು ಹೊರಟರೆ ಪಕ್ಕದವನು ಬಂದು ಬೇರೆ ದಾರಿ ಹೇಳುತ್ತಾನೆ, ಮೂರನೆಯವನು ಬಂದು ಇಬ್ಬರನ್ನೂ ಬೈಯುತ್ತಾನೆ, ಕೇಳಿದವನು ಅಲ್ಲೇ ನಿಂತಿರುತ್ತಾನೆ. ಆದ್ದರಿಂದ ಹಿಂದೆ ಬನ್ನಿ ಎಂದು ಮುಂದೆ ಹೋಗಿ, ಅವರ ಬಾಗಿಲಿಗೆ ಮುಟ್ಟಿಸಿ ಬರುತ್ತೇವೆ. ಅರ್ಧ ದಾರಿಯಲ್ಲಿ ಬಿಟ್ಟು ಬಂದವನ ಮನೆಗೆ ಹೆಣ್ಣು ಕೊಡುವುದಿಲ್ಲ. ನಮ್ಮಪ್ಪ ಒಬ್ಬ ಉಪ್ಪು ಮಾರುವವನಿಗೆ ದಾರಿ ತೋರಿಸಲು ಹೋಗಿ ಮೂರನೆಯ ದಿನ ಸಮುದ್ರದ ಕಡೆಯಿಂದ ವಾಪಸು ಬಂದಿದ್ದ.

“ಅವರ ಊರು ಬಂದ ಕೂಡಲೇ ಹಾರ್ನ್ ಹೊಡೆದು ತಿರುಗಿಕೊಳ್ತಾರೆ ಅಂತ ನಾನು ಕಾಯ್ತಿದ್ದೆ,” ಎಂದ ಭಾವ. “ಅವರು ಹಾರ್ನ್ ಹೊಡೀಲೇ ಇಲ್ಲ. ಊರು ಬಂತು, ಹೋಯ್ತು. ಇದೂ ಅವರ ಊರಲ್ಲವೇನೋ, ಮುಂದಿನದು ಇರಬೇಕು ಅಂತ ನಾನು ಹೋದೆ. ಅವರು ನಾನು ಎಲ್ಲಿ ಮುಟ್ಟಿಸ್ತೀನಿ ಅಂತ ಕಾಯ್ತಿದ್ದರಂತೆ. ಬಿಟ್ಟು ಬರೋಕೆ ಆಗುತ್ತಾ ಲಿಬೆರಾ? ಹಿಂದೆ ಬನ್ನಿ ಅಂದುಬಿಟ್ಟಿದ್ದೆ.”

“ಸರಿ. ಅವರು ನಿನ್ನ ಹಿಂದೆ ಬಂದರು. ನೀನು ಯಾವುದರ ಹಿಂದೆ ಹೋಗಿದ್ದೆ?”

ಕಾಫಿ ಯಂತ್ರ ಕೂಡ ಉಸಿರು ಹಿಡಿಯಿತು.

ಭಾವ ಟೊಪ್ಪಿಗೆಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. “ಬಸ್ಸು,” ಎಂದ.

“ಯಾವ ಬಸ್ಸು? ಬಸ್ಸು ನಿಂತು ಮೂರು ವರ್ಷ ಆಯ್ತು.”

“ನಿಂತಿದೆ. ಆದರೆ ಹೊತ್ತು ಇದೆಯಲ್ಲ. ಹತ್ತೂಕಾಲಿಗೆ ಇಲ್ಲಿಂದ ಹೊರಡಬೇಕು. ಹತ್ತೂಮುಕ್ಕಾಲಿಗೆ ಕೊಲ್ಲೆಸೊರ್ದೊ. ಫೊಸ್ಸಾಲ್ಬಾದಲ್ಲಿ ಹತ್ತು ನಿಮಿಷ ನಿಲ್ಲಿಸಬೇಕು. ತೊರ್ರೆಮೂತಾದಲ್ಲಿ ಎಂಟು. ಗುರುವಾರ ಸಂತೆ ಅಲ್ವಾ? ಗುರುವಾರ ತಪ್ಪಿಸಬಾರದು. ಬಾಗಿಲು ತೆಗೀತೀನಿ. ಯಾರಾದ್ರೂ ಇದ್ದರೆ ಹತ್ತಲಿ ಅಂತ.”

“ಯಾರಾದ್ರೂ ಹತ್ತಿದ್ದಾರಾ?” ಎಂದು ಓರ್ಸೊಲಾ ಕೇಳಿದಳು.

“ಒಂದು ಸಲ ಕೋಳಿ ಹತ್ತಿತ್ತು. ಮುಂದಿನ ಊರಲ್ಲಿ ಇಳಿಯಿತು.”

“ಮತ್ತೆ ಆಸ್ಪತ್ರೆ? ಬೆನ್ನು?”

“ಬೆನ್ನಿಗೇನಾಗಿದೆ? ಚೆನ್ನಾಗಿದೆ.”

ನಾನು ಕೂಗಿಯೇಬಿಟ್ಟೆ. “ಹೆಂಗಸಿಲ್ಲ ಅಕ್ಕ! ಕೇಳಿದೆಯಾ? ಹೆಂಗಸೇ ಇಲ್ಲ! ಬರೀ ಬಸ್ಸು! ಇದಕ್ಕೆ ಇಷ್ಟೆಲ್ಲಾ ರಾದ್ಧಾಂತ!” ಎಂದು ಒಳ್ಳೆಯ ವೈನಿನ ಎರಡು ಬಾಟಲಿ ತೆಗೆದು ಎಲ್ಲರಿಗೂ ಬಿಟ್ಟಿ ಹುಯ್ದೆ. ನಾನು ಬಿಟ್ಟಿ ಹುಯ್ದದ್ದು ಊರಿನವರು ಹಿಂದೆಂದೂ ಕಂಡಿರಲಿಲ್ಲ. ಎಜಿದಿಯೊ ಪುಸ್ತಕದಲ್ಲಿ ಬರೆದುಕೊಂಡ. ಹೊಲಿಗೆ ಯಂತ್ರವನ್ನು ಎಷ್ಟು ಬೇಗ ಕೆಳಗಿಳಿಸಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫೆಮ್ಕೆಗೆ ಖುಷಿ ತಡೆಯಲಾಗಲಿಲ್ಲ. ಅವಳು ಅಕ್ಕನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಫೋನಿನಲ್ಲಿ ತೆಗೆದ ಚಿತ್ರ ತೋರಿಸತೊಡಗಿದಳು. ನಾವೂ ಬಗ್ಗಿ ನೋಡಿದೆವು.

ಒಂದು ರಸ್ತೆ, ನಡುವೆ ಹುಲ್ಲು ಬೆಳೆದದ್ದು. ಅದರ ತುದಿಗೆ ಒಂದು ಬಿಳಿ ಕುದುರೆ, ಯಾರನ್ನೋ ಕಾಯುತ್ತಾ ನಿಂತ ಹಾಗೆ. ಒಂದು ಓಣಿ, ಅದರಲ್ಲಿ ಪ್ರತಿ ಮನೆಯ ಮುಂದೆಯೂ ಒಂದೊಂದು ಕುರ್ಚಿ, ಕುರ್ಚಿಗಳಲ್ಲಿ ಯಾರೂ ಇಲ್ಲ, ಬಿಸಿಲು ಮಾತ್ರ ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಯಲ್ಲಿ ಕೂತಿದೆ. ಕಣಿವೆ ತುಂಬ ಮಂಜು, ಅದರ ಮೇಲೆ ತೇಲುವ ನಾಲ್ಕು ಹೆಂಚಿನ ಸೂರು. ಬಾಗಿಲೇ ಇಲ್ಲದ ಚರ್ಚು, ಒಳಗೆ ಅಂಜೂರದ ಮರ, ಮರದ ಮೇಲೆ ದೇವದೂತರ ಚಿತ್ರವಿದ್ದ ಸೂರಿನ ಜಾಗದಲ್ಲಿ ಆಕಾಶ. ನಾನು ಐದನೇ ತರಗತಿವರೆಗೆ ಓದಿದವನು, ಇಂಥದ್ದನ್ನೆಲ್ಲ ವರ್ಣಿಸುವುದು ನನಗೆ ಬಾರದು. ಇವರೆಲ್ಲ ಯಾಕೆ ಸುಮ್ಮನಾದರು ಎಂದು ತಲೆ ಎತ್ತಿದಾಗ ನಾನೂ ಬಹಳ ಹೊತ್ತಿನಿಂದ ಸುಮ್ಮನಿದ್ದೆ ಎಂದು ತಿಳಿಯಿತು.

“ಇದು ಯಾವೂರು?” ಎಂದು ಅಕ್ಕ ಕೇಳಿದಳು. ಅವಳ ದನಿ ಇಳಿದಿತ್ತು.

“ಕೊಲ್ಲೆಸೊರ್ದೊ,” ಎಂದ ಭಾವ.

“ಇಲ್ಲಿಂದ ಎಷ್ಟು ದೂರ?”

“ಒಂಬತ್ತು ಕಿಲೋಮೀಟರು.”

“ಈ ಕುದುರೆ ಯಾರದ್ದು?”

“ಯಾರದ್ದೂ ಅಲ್ಲ. ಯಾವಾಗಲೂ ಅಲ್ಲೇ ಇರುತ್ತೆ. ನಾನು ಹಾರ್ನ್ ಹೊಡೆದರೆ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತೆ.”

ಅಕ್ಕ ಸೌಟನ್ನು ಮೇಜಿನ ಮೇಲಿಟ್ಟಳು. “ಮದುವೆಯಾದ ವರ್ಷ ನಾನು ನಿನ್ನ ಕೇಳಿದ್ದೆ. ಆ ಗುಡ್ಡದ ಆಚೆ ಏನಿದೆ, ಒಂದು ಸಲ ಬಸ್ಸಲ್ಲಿ ಕರ್ಕೊಂಡು ಹೋಗು ಅಂತ. ಏನಂದೆ?”

“ಏನೂ ಇಲ್ಲ ಅಂದೆ.”

“ನಲವತ್ತು ತುಂಬಿದಾಗಲೂ ಕೇಳಿದೆ.”

“ಆಗಲೂ ಏನೂ ಇಲ್ಲ ಅಂದೆ.”

“ಈಗ ಏನಿದೆ?”

ಸುಳ್ಳು ಹೇಳಪ್ಪಾ ಎಂದು ನಾನು ಭಾವನ ಕಡೆ ಕಣ್ಣು ಮಿಟುಕಿಸಿದೆ. ಓರ್ಸೊಲಾ ಕೆಮ್ಮಿದಳು. ಎಜಿದಿಯೊ ಅವನ ಕಾಲು ತುಳಿದ. ಭಾವ ಚೆನ್ನಾಗಿ ಯೋಚನೆ ಮಾಡಿದ. ಅವನು ಯೋಚಿಸುವಾಗ ಹಣೆಯಲ್ಲಿ ಬೆವರು ಬರುತ್ತದೆ.

“ಈಗಲೂ ಏನೂ ಇಲ್ಲ ಲಿಬೆರಾ,” ಎಂದ. “ಅದಕ್ಕೇ ನಾನು ಹೋಗೋದು.”

“ಭಾವ, ಬಾಯಿ ಮುಚ್ಚಿ!” ಎಂದು ನಾನು ಕಿರುಚಿದೆ. ತಡವಾಗಿತ್ತು.

ಅಕ್ಕ ಕೂಗಲಿಲ್ಲ. ಅದೇ ಭಯ. ಐವತ್ತೆರಡು ವರ್ಷದಲ್ಲಿ ಅವಳು ಕೂಗದೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಹೆಂಗಸಿದ್ದಿದ್ದರೆ ಒಳ್ಳೇದಿತ್ತು ಕಣಯ್ಯಾ. ಅವಳ ಜುಟ್ಟು ಹಿಡಿದು ನಾಲ್ಕು ಕೊಟ್ಟು ನಿನ್ನ ವಾಪಸು ತರ್ತಿದ್ದೆ. ಈಗ ಯಾರ ಜುಟ್ಟು ಹಿಡೀಲಿ? ಮಂಜಿಂದಾ? ಮೂವತ್ತನಾಲ್ಕು ವರ್ಷದಲ್ಲಿ ನನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ದೀಯ? ಸಂತೆ, ಸ್ಮಶಾನ, ಹಲ್ಲಿನ ಡಾಕ್ಟರು. ಏಳು ಊರಲ್ಲಿ, ಯಾರೂ ಇಲ್ಲದ ಕಡೆ, ಬಾಗಿಲು ತೆಗೆದು ಕಾದೆ. ನಮ್ಮನೆ ಮುಂದೆ ಒಂದೇ ಒಂದು ದಿನ ತೆಗೀಲಿಲ್ಲ.”

“ನೀನು ಕಾಯ್ತಿದ್ದೆ ಅಂತ ನಂಗೆ ಗೊತ್ತಿರಲಿಲ್ಲ,” ಎಂದ ಭಾವ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. “ಮುಂದಿನ ಗುರುವಾರ ಬಾ. ಹತ್ತೂಕಾಲಿಗೆ. ತಡ ಮಾಡಬೇಡ ಅಷ್ಟೆ, ನಾನು ಹೊತ್ತು ತಪ್ಪಿಸೋ ಹಾಗಿಲ್ಲ.”

ಪರದೇಶದವರು ಇದು ನಮ್ಮೂರಿನ ಮಾಮೂಲು ಮಾತುಕತೆ ಎಂದುಕೊಂಡು ಸಂತೋಷದಿಂದ ತಲೆಯಾಡಿಸುತ್ತಿದ್ದರು. ವೀಬೆ ಗಡಿಯಾರ ನೋಡಿ ಫೋನಿಗೆ ಏನೋ ಹೇಳಿದ. ಬಿಷಪ್ಪರು ಮತ್ತೆ ನುಡಿದರು:

“ಸೂರ್ಯಾಸ್ತಕ್ಕೆ ಮುನ್ನ ತಲುಪಬಹುದಾದ, ಯಾರೂ ಅರಿಯದ ಇನ್ನೊಂದು ಕಿರುಪಟ್ಟಣವಿದ್ದಲ್ಲಿ ಅದರ ಮಾರ್ಗವನ್ನು ಅರುಹಬೇಕಾಗಿ ವಿನಂತಿ.”

ಕೆಟ್ಟಿತು. ದಾರಿ ಕೇಳಿಬಿಟ್ಟರು.

“ಎಡಕ್ಕೆ ಹೋಗಬೇಕು,” ಎಂದ ಎಜಿದಿಯೊ ತಕ್ಷಣ. “ಎಡಕ್ಕೆ ಇಳಿದರೆ ಹೊಳೆ ಪಕ್ಕ ಒಂದು ಊರಿದೆ.”

“ಏನು ಎಡಕ್ಕೆ? ಎಡಗಡೆ ರಸ್ತೆ ಹೋದ ಮಳೇಲಿ ಕೊಚ್ಚಿಹೋಗಿದೆ. ಬಲಕ್ಕೆ!” ಎಂದಳು ಓರ್ಸೊಲಾ.

“ನಾನು ಪೊಲೀಸು. ರಸ್ತೆ ಕೊಚ್ಚಿಹೋಗಿದೆಯೋ ಇಲ್ಲವೋ ಅನ್ನೋದು ನಂಗೆ ಗೊತ್ತಿರುತ್ತೆ.”

“ಹೋದ ವರ್ಷ ನಿನ್ನ ಸ್ವಂತ ಸ್ಕೂಟರೇ ಕಳೆದುಹೋಗಿತ್ತಲ್ಲೋ, ಅದು ಗೊತ್ತಿತ್ತಾ?”

“ಇಬ್ಬರೂ ಸುಮ್ಮನಿರಿ!” ಎಂದೆ ನಾನು. “ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ನೇರ ಹೋಗಿ ಸುಣ್ಣದ ಗೂಡಿನ ಹತ್ತಿರ...”

ಅಕ್ಕ ಎದ್ದಳು. ಏಪ್ರನ್ ಬಿಚ್ಚಿ ಮಡಿಸಿ ನನ್ನ ಕೈಗೆ ಕೊಟ್ಟಳು. ಕುತ್ತಿಗೆಗೆ ಸುತ್ತಿದ್ದ ವಸ್ತ್ರವನ್ನು ಸರಿಮಾಡಿಕೊಂಡಳು. ಫೆಮ್ಕೆಯ ತೋಳು ಹಿಡಿದು, ನಡಿ ಎನ್ನುವ ಹಾಗೆ ಗಲ್ಲದಿಂದ ಬಾಗಿಲು ತೋರಿಸಿದಳು.

“ನಾನು ಇವರ ಜೊತೆ ಹೋಗ್ತೀನಿ,” ಎಂದಳು.

“ನಿಂಗೆ ದಾರಿ ಗೊತ್ತಾ ಅಕ್ಕ?”

“ಇಲ್ಲ. ಅವರಿಗೂ ಗೊತ್ತಿಲ್ಲ. ಸರಿಹೋಯ್ತು.”

ಫೆಮ್ಕೆ ಹಿಂದಿನ ಸೀಟಿನ ಮೇಲಿದ್ದ ನಕ್ಷೆಗಳನ್ನೂ ಕಂಬಳಿಯನ್ನೂ ತೆಗೆದು ಜಾಗ ಮಾಡಿದಳು. ವೀಬೆ ಮುಂದೆ ಬಂದು ಬಾಗಿಲು ತೆರೆದು ಹಿಡಿದ. ಅಕ್ಕ ಹತ್ತಿ ಕೂತು ಮೊಣಕಾಲಿನ ಮೇಲೆ ಎರಡು ಕೈ ಇಟ್ಟುಕೊಂಡಳು, ಶಾಲೆಗೆ ಮೊದಲ ದಿನ ಹೊರಟ ಹುಡುಗಿಯ ಹಾಗೆ. ಚೌಕದ ಬಿಸಿಲು ಹಳದಿಗೆ ತಿರುಗಿತ್ತು. ಅವಳು ನಮ್ಮ ಕಡೆ ನೋಡಲಿಲ್ಲ. ಮುಂದಿನ ಗಾಜಿನಲ್ಲಿ ಏನು ಕಾಣುತ್ತಿತ್ತೋ ಅದನ್ನೇ ನೋಡುತ್ತಿದ್ದಳು.

“ಎಡಕ್ಕೆ ಹೋಗಿ ಅಂತ ಹೇಳ್ರೋ!” ಎಂದು ಎಜಿದಿಯೊ ಬಾಗಿಲಿನಿಂದ ಕೂಗಿದ.

“ಬಲಕ್ಕೆ!” ಎಂದು ಓರ್ಸೊಲಾ ಅವನ ತೋಳು ಜಗ್ಗಿದಳು.

“ನಿನ್ನ ಬಲದ ಮನೆ ಹಾಳಾಗ! ಹೋದ ಮಳೇಲಿ ಕೊಚ್ಚಿಹೋಗಿದ್ದು ಬಲಗಡೇದು!” ಎಂದು ನಾನು ಏಪ್ರನ್ ಎಸೆದೆ. ಅದು ಎಜಿದಿಯೊನ ತಲೆಗೆ ಸಿಕ್ಕಿಕೊಂಡಿತು. ಸರ್ಕಾರಿ ಟೊಪ್ಪಿಗೆಗೆ ಅವಮಾನ ಮಾಡಿದೆ ಎಂದು ಅವನು ಪುಸ್ತಕ ತೆಗೆದ. ಚೌಕದಲ್ಲಿದ್ದವರು ಎರಡು ಗುಂಪಾದರು. ಆಮೇಲೆ ಮೂರು ಗುಂಪಾದರು. ಒಬ್ಬ ನೆಲದ ಮೇಲೆ ಕಡ್ಡಿಯಲ್ಲಿ ರಸ್ತೆ ಬರೆದ, ಇನ್ನೊಬ್ಬ ಅದನ್ನು ಕಾಲಲ್ಲಿ ಅಳಿಸಿದ.

ಭಾವ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದ. ಟೊಪ್ಪಿಗೆ ಹಾಕಿಕೊಂಡು, ಜೇಬಿನಿಂದ ಕಾರಿನ ಕೀಲಿಕೈ ತೆಗೆದು, ಚೌಕದ ಆಚೆ ಖಾಲಿ ರಸ್ತೆ ನೋಡಿದ.

“ಯಾವ ಕಡೆ ಹೋದರು?” ಎಂದು ಕೇಳಿದ.

ನಾವೆಲ್ಲ ತಿರುಗಿ ನೋಡಿದೆವು. ಅರ್ಧ ಊರು ಅಲ್ಲಿ ನಿಂತಿತ್ತು. ಒಬ್ಬರೂ ನೋಡಿರಲಿಲ್ಲ.

ಆಮೇಲೆ ಎರಡು ವರ್ಷ, ಎರಡು ಸಲ ಆಲಿವ್ ಕೊಯ್ಲು ಮುಗಿಯಿತು. ಎಡಕ್ಕೆ ಎಂದು ಎಜಿದಿಯೊ ಈಗಲೂ ಹೇಳುತ್ತಾನೆ, ಬಲಕ್ಕೆ ಎಂದು ಓರ್ಸೊಲಾ. ಅಕ್ಕ ಇನ್ನೂ ಊರಿಗೆ ವಾಪಸು ಬಂದಿಲ್ಲ, ಗಂಡನ ಮನೆಗೂ ಇಲ್ಲ, ನನ್ನ ಮಹಡಿಗೂ ಇಲ್ಲ.